ಇಟಲಿಯ ದಂಡಪುರಾಣ

ನಮ್ಮಲ್ಲಿ ಟ್ರಾಫಿಕ್ ದಂಡವೆಂದರೆ ಮುಖಾಮುಖಿ ವ್ಯವಹಾರ. ಮರದ ಮರೆಯಿಂದ ಪೊಲೀಸಪ್ಪ ಪ್ರತ್ಯಕ್ಷನಾದರೆ 'ಸಾರ್, ಅರ್ಜೆಂಟು, ಮಾವನಿಗೆ ಹುಷಾರಿಲ್ಲ' ಎಂದು ರಾಗ ಎಳೆಯಲಿಕ್ಕಾದರೂ ಅವಕಾಶ ಉಂಟು. ಇಟಲಿಯಲ್ಲಿ ರಾಗ ಎಳೆಯೋಣವೆಂದರೆ ಎದುರಿಗೆ ನರಪಿಳ್ಳೆಯೂ ಇರುವುದಿಲ್ಲ.

ಫ್ಲಾರೆನ್ಸ್, ಪೀಸಾದಂಥ ಊರುಗಳ ಹಳೇ ಪೇಟೆಗೆ 'ಝಡ್‌ಟಿಎಲ್' ಎಂಬ, ಅನುಮತಿಯಿಲ್ಲದ ವಾಹನಗಳು ದಾಟಬಾರದ ಲಕ್ಷ್ಮಣರೇಖೆ ಎಳೆದಿದ್ದಾರೆ. ಬಿಳಿ ಫಲಕ, ಅದರಲ್ಲೊಂದು ಕೆಂಪು ಉಂಗುರ, ಅಷ್ಟೆ. ನಾವೋ ಗೋಪುರ ಎಲ್ಲಿ ಕಾಣುತ್ತದೆಂದು ಕತ್ತೆತ್ತಿ ನೋಡುತ್ತಿರುತ್ತೇವೆ. ಕ್ಯಾಮೆರಾ ನಮ್ಮ ನಂಬರ್ ಪ್ಲೇಟ್ ನೋಡುತ್ತಿರುತ್ತದೆ. ದಾರಿ ತಪ್ಪಿ ಮೂರು ಸಲ ಒಳಹೊಕ್ಕರೆ ಮೂರು ದಂಡ. ನಮ್ಮ ವಿಳಾಸ ಕೊಟ್ಟ ಉಪಕಾರಕ್ಕೆ ಬಾಡಿಗೆ ಕಾರಿನವರ ಶುಲ್ಕ ಬೇರೆ. ಚಾಡಿ ಹೇಳಿದ್ದಕ್ಕೂ ಸಂಬಳ! ಹೊರದೇಶದವರಿಗೆ ದಂಡದ ನೋಟಿಸು ಕಳಿಸಲು ಅಲ್ಲಿನ ಅಧಿಕಾರಿಗಳಿಗಿರುವ ಗಡುವು 360 ದಿನ. ಫೋಟೊ ಹಾಕಿ, ಲೈಕು ಎಣಿಸಿ, ಪ್ರವಾಸವನ್ನೇ ಮರೆತ ಮೇಲೆ ಲಕೋಟೆ ಮನೆಬಾಗಿಲಿಗೆ ಬರುತ್ತದೆ. ಐದು ದಿನದೊಳಗೆ ಕಟ್ಟಿದರೆ ಶೇ. 30 ರಿಯಾಯಿತಿ, ಥೇಟ್ ಆಷಾಢದ ಸೇಲ್.

ಫಿನ್‌ಲ್ಯಾಂಡಿನವರು ಇನ್ನೂ ಒಂದು ಕೈ ಮೇಲು. ಅಲ್ಲಿ ವೇಗ ಅತಿಯಾದರೆ ಆದಾಯ ನೋಡಿ ದಂಡ ಹಾಕುತ್ತಾರೆ. 2023ರಲ್ಲಿ ಸಿರಿವಂತರೊಬ್ಬರು 50ರ ಮಿತಿಯಲ್ಲಿ 82ರಲ್ಲಿ ಓಡಿಸಿದ್ದಕ್ಕೆ ಬಿದ್ದದ್ದು 1,21,000 ಯೂರೊ! ಸಂಬಳ ಕಡಿಮೆಯೆಂದು ಗೊಣಗುವವರು ನೆಮ್ಮದಿಯಾಗಿ ಕಾರು ಓಡಿಸಬಹುದಾದ ದೇಶ.

ಇನ್ನು ಲೈಸೆನ್ಸು. ಇಟಲಿಗೆ ನಮ್ಮ ಕಾರ್ಡೊಂದೇ ಸಾಲದು. ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿ ಪುಸ್ತಕವೂ ಜೊತೆಗಿರಬೇಕು. ವಿಮಾನ ಹತ್ತುವ ಮೊದಲೇ ಮಾಡಿಸಿಕೊಳ್ಳಿ. ಕಾರನ್ನು ಊರಾಚೆ ನಿಲ್ಲಿಸಿ, ಒಳಗೆ ನಡೆದೇ ಹೋಗಿ. ಕಾಲ್ನಡಿಗೆಗೆ ಝಡ್‌ಟಿಎಲ್ ಇಲ್ಲ.