ಬೀಟ್‌ರೂಟ್ ರಸ ಸರಿ, ನಡಿಗೆ ಎಲ್ಲಿ?

ದೊಡ್ಡಮ್ಮನಿಗೆ ಬೀಟ್‌ರೂಟ್ ರಸ ಶುರು ಮಾಡಿದ್ದೀರಂತೆ, ಹೌದಾ ಅಕ್ಕ? ನಿಮ್ಮ ಮಗ ಹೇಳಿದ. ದಿನಾ ಒಂದು ಲೋಟ ಕುಡಿದರೆ ಶ್ವಾಸಕೋಶ ತೊಳೆದ ಹಾಗಾಗುತ್ತೆ, ಉಸಿರಿನ ಪಂಪು ಎಳೆಯೋದನ್ನೇ ಬಿಡಬಹುದು ಅಂತ ವಾಟ್ಸಾಪಿನಲ್ಲಿ ಬಂತಂತೆ. ಪಂಪು ಬಿಡೋ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಅದಕ್ಕೇ ಬೆಳಿಗ್ಗೆ ಬೆಳಿಗ್ಗೆ ಕೂಗಿದ್ದು. ಹಾಲು ಇಟ್ಟಿದ್ದರೆ ಇಳಿಸಿ ಬನ್ನಿ, ಮಾತು ಸ್ವಲ್ಪ ಉದ್ದ ಇದೆ.

ರಸ ಕುಡಿಸಬೇಡಿ ಅಂತ ನಾನು ಹೇಳ್ತಿಲ್ಲ. ಆ ಗಡ್ಡೆಯಲ್ಲಿ ಸತ್ವ ಇದೆ. ಲಂಡನ್ನಿನ ಶ್ವಾಸಕೋಶ ತಜ್ಞರೇ ಅದನ್ನ ಪರೀಕ್ಷೆ ಮಾಡಿ ನೋಡಿದ್ದಾರೆ. ಆದರೆ ಅವರು ಕಂಡದ್ದೇ ಒಂದು, ಈ ಮೆಸೇಜಿನಲ್ಲಿ ಬರೆದಿರೋದೇ ಇನ್ನೊಂದು. ದೊಡ್ಡಮ್ಮನ ಕಾಯಿಲೆಗೆ ಡಾಕ್ಟರು ಸಿಒಪಿಡಿ ಅಂದಿದ್ದಾರಲ್ಲ, ಅದರಲ್ಲಿ ಗಾಳಿಕೊಳವೆಗಳು ಕಿರಿದಾಗಿರುತ್ತವೆ, ಎಷ್ಟೋ ಜನಕ್ಕೆ ಗಾಳಿಚೀಲಗಳ ಗೋಡೆಯೂ ಹರಿದುಹೋಗಿರುತ್ತೆ. ಸೀದುಹೋದ ಅನ್ನ ಮತ್ತೆ ಅಕ್ಕಿ ಆಗದ ಹಾಗೆ, ಹರಿದ ಚೀಲ ಮತ್ತೆ ಕೂಡಿಕೊಳ್ಳಲ್ಲ. ಬೀಡಿ ಮುಟ್ಟದ ಹೆಂಗಸಿಗೆ ಇದು ಹೇಗೆ ಬಂತು ಅಂತ ನೀವೇ ಒಂದು ದಿನ ಕೇಳಿದ್ದಿರಿ. ಗ್ಯಾಸು ಬರೋವರೆಗೂ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ, ಬೆರಣಿ ಉರಿಸಿ, ಊದುಕೊಳವೆ ಊದಿದವರು ಅವರು. ನಮ್ಮ ಹಳ್ಳಿಗಳ ಎಷ್ಟೋ ಹೆಂಗಸರಿಗೆ ಈ ಕಾಯಿಲೆ ಬಂದಿರೋದು ಒಲೆ ಮುಂದೆ ಕೂತೇ.

ಇನ್ನು ಬೀಟ್‌ರೂಟಿನ ವಿಷಯ. ಅದರ ಕೆಂಪು ಬಣ್ಣ ನೋಡಿ ರಕ್ತ ಹೆಚ್ಚುತ್ತೆ ಅಂತಾರೆ. ಈ ಪರೀಕ್ಷೆಗಳಲ್ಲಿ ನೋಡಿದ್ದು ಬಣ್ಣವನ್ನಲ್ಲ, ನೈಟ್ರೇಟನ್ನ. ಗಿಡ ಮಣ್ಣಿನಿಂದ ಹೀರಿ ಕೂಡಿಡೋ ಲವಣ ಅದು. 2007ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು ಗಟ್ಟಿಮುಟ್ಟಾದ ಹುಡುಗರಿಗೆ ನೈಟ್ರೇಟ್ ಕೊಟ್ಟು ಸೈಕಲ್ ತುಳಿಸಿದರು. ಅಷ್ಟೇ ಕೆಲಸವನ್ನ ಅವರ ದೇಹ ಕಡಿಮೆ ಆಮ್ಲಜನಕದಲ್ಲಿ ಮಾಡಿಬಿಟ್ಟಿತು. ಒಂದು ಕೆಲಸಕ್ಕೆ ಇಷ್ಟು ಆಮ್ಲಜನಕ ಬೇಕೇ ಬೇಕು, ಅದರಲ್ಲಿ ಕಡಿತ ಸಾಧ್ಯವಿಲ್ಲ ಅಂತಲೇ ಅಲ್ಲಿವರೆಗೆ ಪಾಠ ಇತ್ತು. ಎರಡು ವರ್ಷ ಕಳೆದು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಎಂಟು ಜನ ಗಂಡಸರಿಗೆ ಆರು ದಿನ ಅರ್ಧರ್ಧ ಲೀಟರ್ ಬೀಟ್‌ರೂಟ್ ರಸ ಕುಡಿಸಿದರು. ಜೋರಾಗಿ ಸೈಕಲ್ ತುಳಿಯುವಾಗ ಅವರು ಸುಸ್ತಾಗೋದು ಸುಮಾರು ಶೇಕಡಾ 16ರಷ್ಟು ತಡವಾಯಿತು. ಆಮೇಲೆ ಓಟಗಾರರೂ ಸೈಕಲ್ ಪಟುಗಳೂ ಇದರ ಹಿಂದೆ ಬಿದ್ದರು.

ನೈಟ್ರೇಟ್ ಹೊಟ್ಟೆಗೆ ಹೋದ ಮೇಲೆ ನಡೆಯೋ ಕತೆ ನನಗೆ ತುಂಬ ಇಷ್ಟ ಅಕ್ಕ. ಅದು ರಕ್ತಕ್ಕೆ ಸೇರಿ, ಕಾಲು ಭಾಗದಷ್ಟು ಮತ್ತೆ ಜೊಲ್ಲಿಗೆ ಬರುತ್ತೆ. ನಾಲಿಗೆಯ ಹಿಂಭಾಗದಲ್ಲಿ ವಾಸ ಇರೋ ಬ್ಯಾಕ್ಟೀರಿಯಾಗಳು ಅದನ್ನ ನೈಟ್ರೈಟ್ ಮಾಡುತ್ತವೆ. ನಾವು ಜೊಲ್ಲು ನುಂಗಿದಾಗ ಅದು ಮತ್ತೆ ಒಳಗೆ ಹೋಗಿ, ರಕ್ತದಲ್ಲೂ ಸ್ನಾಯುವಿನಲ್ಲೂ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಆಗುತ್ತೆ. ರಕ್ತನಾಳವನ್ನ ಸಡಿಲಿಸಿ ಅಗಲ ಮಾಡೋದು ಅದೇ. ಅದರ ಕೆಲಸ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅನ್ನೋ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳೋ ಮಾತ್ರೆ ಕೆಲಸ ಮಾಡೋದೂ ಇದೇ ಅನಿಲದಿಂದ.

ನಮ್ಮ ದೇಹ ತಾನಾಗಿಯೂ ಇದನ್ನ ತಯಾರಿಸುತ್ತೆ, ಆದರೆ ಆ ದಾರಿಗೆ ಆಮ್ಲಜನಕ ಬೇಕು. ನೈಟ್ರೈಟಿನ ದಾರಿ ಹಾಗಲ್ಲ. ಆಮ್ಲಜನಕ ಎಲ್ಲಿ ಕಡಿಮೆಯೋ ಅಲ್ಲೇ ಅದರ ಓಟ ಜೋರು. ಸಿಒಪಿಡಿಯವರ ಮೇಲೆ ವೈದ್ಯರ ಕಣ್ಣು ಬಿದ್ದದ್ದು ಇದಕ್ಕೇ. ಇನ್ನೊಂದು ಕಾರಣವೂ ಇದೆ. ಈ ಕಾಯಿಲೆ ಎದೆಯಲ್ಲಿ ಮಾತ್ರ ನಿಲ್ಲಲ್ಲ, ತೊಡೆಗೂ ಇಳಿಯುತ್ತೆ. ಏದುಸಿರು ಬರುತ್ತೆ ಅಂತ ನಡೆಯೋದು ಬಿಟ್ಟರೆ ಕಾಲಿನ ಸ್ನಾಯು ಸೊರಗುತ್ತೆ, ದಣಿಯದೆ ಹೆಚ್ಚು ಹೊತ್ತು ಕೆಲಸ ಮಾಡೋ ಎಳೆಗಳು ಕಡಿಮೆಯಾಗುತ್ತವೆ. ಸೊರಗಿದ ಕಾಲು ಬೇಗ ದಣಿದು ಇನ್ನಷ್ಟು ಉಸಿರು ಕೇಳುತ್ತೆ. ದೊಡ್ಡಮ್ಮ ದೇವಸ್ಥಾನದ ಮೆಟ್ಟಿಲ ಹತ್ತಿರ ನಿಂತುಬಿಡ್ತಾರಲ್ಲ, ಉಸಿರಿಗೆ ಮೊದಲು ಕಾಲು ಸೋತಿತಾ ಅಂತ ಒಮ್ಮೆ ಕೇಳಿ ನೋಡಿ. ಎಷ್ಟೋ ರೋಗಿಗಳು ಹೌದು ಅಂತಾರೆ.

ಹಾಗಾದರೆ ರಸ ಕುಡಿದ ರೋಗಿಗಳು ಹೆಚ್ಚು ನಡೆದರಾ? ಮೊದಮೊದಲು ಒಂದೊಂದು ಕಡೆ ಒಂದೊಂದು ಉತ್ತರ. 2015ರಲ್ಲಿ ಐರ್ಲೆಂಡಿನವರು ಅನುಕೂಲ ಆಯಿತು ಅಂದರು, ಅದೇ ವರ್ಷ ಎಕ್ಸೆಟರ್‌ನವರು ಏನೂ ಆಗಲಿಲ್ಲ ಅಂದರು. ಎಲ್ಲವೂ ಕೈಬೆರಳೆಣಿಕೆಯ ರೋಗಿಗಳ ಮೇಲೆ, ಕೆಲವೇ ದಿನ ಕೊಟ್ಟು ಮಾಡಿದ ಪರೀಕ್ಷೆಗಳು. ನಾನು ಅವುಗಳ ಮೇಲೆ ಹೆಚ್ಚು ಭಾರ ಹಾಕಲ್ಲ.

ನನಗೆ ಗಟ್ಟಿ ಅನ್ನಿಸಿದ್ದು ಆಮೇಲಿನ ಎರಡು. ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆ ಮತ್ತು ಇಂಪೀರಿಯಲ್ ಕಾಲೇಜಿನಲ್ಲಿ ನಿಕೊಲಸ್ ಹಾಪ್‌ಕಿನ್ಸನ್ ಅನ್ನೋ ವೈದ್ಯರ ತಂಡ ಮಾಡಿದ್ದು. 2020ರಲ್ಲಿ ಬಂದ ಮೊದಲನೆಯದರಲ್ಲಿ 165 ರೋಗಿಗಳು. ಎಲ್ಲರಿಗೂ ಎಂಟು ವಾರ ವ್ಯಾಯಾಮದ ತರಬೇತಿ. ಪ್ರತಿ ತರಬೇತಿಗೆ ಮೂರು ಗಂಟೆ ಮುಂಚೆ ಅರ್ಧದಷ್ಟು ಜನಕ್ಕೆ 140 ಮಿಲಿಲೀಟರ್ ಗಟ್ಟಿ ಬೀಟ್‌ರೂಟ್ ರಸ. ಉಳಿದರ್ಧ ಜನಕ್ಕೂ ಬೀಟ್‌ರೂಟ್ ರಸವೇ, ಆದರೆ ನೈಟ್ರೇಟ್ ಮಾತ್ರ ತೆಗೆದುಹಾಕಿದ್ದು. ಬಣ್ಣ, ರುಚಿ ಎಲ್ಲ ಒಂದೇ, ಯಾರ ಬಾಟಲಿಯಲ್ಲಿ ಯಾವುದಿದೆ ಅಂತ ಕುಡಿಯುವವರಿಗೆ ಗೊತ್ತಾಗಲ್ಲ. ಇಂಥ ಎಚ್ಚರ ಇರೋದರಿಂದಲೇ ನನಗೆ ಅವರ ಮಾತಿನ ಮೇಲೆ ನಂಬಿಕೆ.

ಕೊನೆಗೆ ನಡಿಗೆಯ ಪರೀಕ್ಷೆ. ಹತ್ತು ಮೀಟರಿನ ಆ ತುದಿಗೂ ಈ ತುದಿಗೂ ಓಡಾಡಬೇಕು, ಬೀಪ್ ಅನ್ನೋದರೊಳಗೆ ಮುಟ್ಟಬೇಕು, ನಿಮಿಷ ಕಳೆದ ಹಾಗೆ ಬೀಪು ಬೇಗಬೇಗ ಬರುತ್ತೆ. ನೈಟ್ರೇಟ್ ಇಲ್ಲದ ರಸ ಕುಡಿದವರ ನಡಿಗೆ 30 ಮೀಟರ್ ಹೆಚ್ಚಿತ್ತು, ನೈಟ್ರೇಟ್ ಇದ್ದವರದ್ದು 60 ಮೀಟರ್. ಆ 30 ಮೀಟರನ್ನ ಗಮನಿಸಿ ಅಕ್ಕ, ಅದು ಬರಿಯ ವ್ಯಾಯಾಮದ ಫಲ. ರಸ ಅದರ ಮೇಲೆ ಇನ್ನಷ್ಟು ಕೂಡಿಸಿತು.

ಎರಡನೆಯದು 2023ರ ಕೊನೆಗೆ ಬಂದದ್ದು. ಬಿಪಿಯ ಮೇಲಿನ ಅಂಕಿ 130 ದಾಟಿದ್ದ 81 ಸಿಒಪಿಡಿ ರೋಗಿಗಳು, ಹನ್ನೆರಡು ವಾರ, ದಿನಾ 70 ಮಿಲಿಲೀಟರ್ ರಸ, ಅದರಲ್ಲಿ 400 ಮಿಲಿಗ್ರಾಂ ನೈಟ್ರೇಟ್. ಅದಿಲ್ಲದ ರಸ ಕುಡಿದವರಿಗೆ ಹೋಲಿಸಿದರೆ ಇವರ ಬಿಪಿ ಸುಮಾರು ನಾಲ್ಕೂವರೆ ಅಂಕಿ ಇಳಿದಿತ್ತು, ಆರು ನಿಮಿಷದಲ್ಲಿ ನಡೆಯೋ ದೂರ ಸುಮಾರು 30 ಮೀಟರ್ ಜಾಸ್ತಿಯಾಗಿತ್ತು. ನಮ್ಮ ಗೇಟಿನಿಂದ ಮೂಲೆಮನೆಯ ತೆಂಗಿನಮರದಷ್ಟು ದೂರ. ಇಷ್ಟೇನಾ ಅನ್ನಬೇಡಿ. ಕೋಣೆಯಿಂದ ಬಚ್ಚಲಿಗೆ ಹೋಗೋಕೆ ಗೋಡೆ ಹಿಡಿಯುವವರಿಗೆ 30 ಮೀಟರ್ ದೊಡ್ಡದು. ಬಿಪಿಯ ಮಾತೂ ಸಣ್ಣದಲ್ಲ, ಸಿಒಪಿಡಿಯವರಿಗೆ ಹೃದಯದ ಕಾಯಿಲೆ ಬರೋದು ಜಾಸ್ತಿ.

ಬೋರ್‌ವೆಲ್ ನೀರಲ್ಲಿ ನೈಟ್ರೇಟ್ ಇದೆ, ಕುಡಿಯಬೇಡಿ ಅಂತಾರಲ್ಲ, ಅದೇ ಇದಾ ಅಂತೀರಾ? ಒಳ್ಳೆಯ ಪ್ರಶ್ನೆ. ಅದೇ ವಸ್ತು. ಕುಡಿಯೋ ನೀರಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಿತಿ. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಅದು ದಾಟಿದೆ, ಗೊಬ್ಬರದಿಂದ, ಚರಂಡಿಯಿಂದ. ಹಸುಗೂಸುಗಳಿಗೆ ಅಂಥ ನೀರು ತುಂಬ ಅಪಾಯ, ರಕ್ತ ಆಮ್ಲಜನಕ ಹೊರೋದನ್ನೇ ಕೆಡಿಸುತ್ತೆ. ದೊಡ್ಡವರ ದೇಹ ಅದನ್ನ ಸರಿಮಾಡಿಕೊಳ್ಳೋದರಿಂದ ತರಕಾರಿಯ ನೈಟ್ರೇಟಿನಿಂದ ಅವರಿಗೆ ಆ ಭಯ ಇಲ್ಲ. ಆದರೂ ರಸ ಮಾಡಿದ ಕೂಡಲೇ ಕುಡಿಸಿ. ಹಿಂಡಿ ಹೊರಗೆ ಇಟ್ಟರೆ ಲೋಟದಲ್ಲೇ ಬ್ಯಾಕ್ಟೀರಿಯಾ ಬೆಳೆದು ನೈಟ್ರೈಟ್ ಹೆಚ್ಚುತ್ತೆ. ಮೊಮ್ಮಗುವಿಗೆ, ಅದೇ ತೊಟ್ಟಿಲಲ್ಲಿರೋದಕ್ಕೆ, ಒಂದು ಚಮಚವೂ ಬೇಡ.

ಇನ್ನೊಂದು, ನಮ್ಮ ಮಿಕ್ಸಿಯ ರಸ ಆ ಲಂಡನ್ನಿನ ಬಾಟಲಿ ಅಲ್ಲ. ಮಣ್ಣು, ಗೊಬ್ಬರ, ಬಿಸಿಲು ಬದಲಾದ ಹಾಗೆ ಒಂದೊಂದು ಗಡ್ಡೆಯಲ್ಲಿ ನೈಟ್ರೇಟ್ ಒಂದೊಂದು ಥರ ಇರುತ್ತೆ. ಬೀಟ್‌ರೂಟೇ ಆಗಬೇಕು ಅಂತಲೂ ಇಲ್ಲ. ದಂಟಿನಸೊಪ್ಪು, ಪಾಲಕ್, ಮೂಲಂಗಿ, ಇವುಗಳಲ್ಲೂ ಧಾರಾಳವಾಗಿದೆ. ಬೇಯಿಸಿದ ನೀರು ಮಾತ್ರ ಚೆಲ್ಲಬೇಡಿ, ನೈಟ್ರೇಟ್ ನೀರಿಗೇ ಇಳಿದಿರುತ್ತೆ. ನಾವು ಬಸ್ಸಾರು ಮಾಡೋ ಮನೆಯವರು, ಕಟ್ಟು ಚೆಲ್ಲೋ ಅಭ್ಯಾಸವೇ ಇಲ್ಲ, ಆ ಚಿಂತೆ ಬೇಡ.

ಆ ಖಾರದ ಔಷಧಿ ನೀರಲ್ಲಿ ದೊಡ್ಡಮ್ಮ ದಿನಾ ಬಾಯಿ ಮುಕ್ಕಳಿಸ್ತಾರಾ? ಕ್ಲೋರ್‌ಹೆಕ್ಸಿಡೀನ್ ಇರೋದಾದರೆ ಅದು ನಾಲಿಗೆಯ ಬ್ಯಾಕ್ಟೀರಿಯಾಗಳನ್ನ ಕೊಂದುಬಿಡುತ್ತೆ, ಆಮೇಲೆ ಎಷ್ಟು ರಸ ಕುಡಿಸಿದರೂ ಉಪಯೋಗ ಇಲ್ಲ. ಹಲ್ಲಿನ ಡಾಕ್ಟರು ಹೇಳಿದ್ದರೆ ಅವರನ್ನೇ ಕೇಳಿ. ಪಂಪು ಎಳೆದ ಮೇಲೆ ಬರೀ ನೀರಲ್ಲಿ ಮುಕ್ಕಳಿಸಿ ಉಗಿಯೋದು ಮಾತ್ರ ಬಿಡಬಾರದು.

ಯಾರು ಹುಷಾರಾಗಿರಬೇಕು ಅನ್ನೋದನ್ನೂ ಹೇಳ್ತೀನಿ. ಬಿಪಿ ಮಾತ್ರೆಯ ಜೊತೆ ರಸವೂ ಸೇರಿದರೆ ಎದ್ದು ನಿಂತಾಗ ತಲೆ ತಿರುಗಬಹುದು. ಎದೆನೋವಿನ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಕುಡಿಯಲೇಬಾರದು. ಕಿಡ್ನಿಯಲ್ಲಿ ಕಲ್ಲಾಗುವವರಿಗೆ ಬೀಟ್‌ರೂಟಿನ ಆಕ್ಸಲೇಟ್ ಒಳ್ಳೆಯದಲ್ಲ, ಕಿಡ್ನಿ ಸೋತವರಿಗೆ ಪೊಟ್ಯಾಸಿಯಂ ಒಳ್ಳೆಯದಲ್ಲ. ದೊಡ್ಡಮ್ಮನಿಗೆ ಸಕ್ಕರೆ ಇದೆ, ಲೋಟಗಟ್ಟಲೆ ಬೇಡ. ಮೂತ್ರ ಕೆಂಪಾದರೆ ಗಾಬರಿ ಬೀಳಬೇಡಿ, ಅದು ಬಣ್ಣ ಅಷ್ಟೇ.

ಅಕ್ಕ, ನನಗೆ ಸಂಕಟ ಆಗೋದು ಬೇರೆ ಒಂದಕ್ಕೆ. ರಸಕ್ಕಿಂತ ಎಷ್ಟೋ ಪಾಲು ಗಟ್ಟಿಯಾದ ಚಿಕಿತ್ಸೆ ಒಂದಿದೆ, ಅದನ್ನ ನಮ್ಮವರಿಗೆ ಯಾರೂ ಫಾರ್ವರ್ಡ್ ಮಾಡಲ್ಲ. ಶ್ವಾಸಕೋಶದ ಪುನಶ್ಚೇತನ ಅಂತಾರೆ. ವಾರಕ್ಕೆ ಎರಡು ಮೂರು ಸಲ, ಆರರಿಂದ ಎಂಟು ವಾರ, ಫಿಸಿಯೊಥೆರಪಿಯವರ ಕಣ್ಣಮುಂದೆ ನಡಿಗೆ, ಕಾಲಿನ ಕಸರತ್ತು, ಉಸಿರಾಟದ ಪಾಠ. 2015ರಲ್ಲಿ ಕಾಕ್ರೇನ್ ಸಂಸ್ಥೆಯವರು 65 ಪರೀಕ್ಷೆಗಳನ್ನ ಒಟ್ಟಿಗೆ ಇಟ್ಟು ನೋಡಿದರು. ಆರು ನಿಮಿಷದ ನಡಿಗೆ ಸರಾಸರಿ 44 ಮೀಟರ್ ಹೆಚ್ಚಿತ್ತು, ಏದುಸಿರು, ಸುಸ್ತು, ಮನಸ್ಸಿನ ಕುಗ್ಗು ಎಲ್ಲ ಕಡಿಮೆಯಾಗಿತ್ತು. ನಾವು ಮಾಡೋದೇನು? ಉಸಿರು ಕಟ್ಟುತ್ತೆ, ಏಳಬೇಡಿ, ನೀರೂ ನಾವೇ ತಂದುಕೊಡ್ತೀವಿ ಅಂತ ಪ್ರೀತಿಯಿಂದ ಕೂರಿಸಿಬಿಡ್ತೀವಿ. ಆ ಪ್ರೀತಿಯೇ ಅವರ ಕಾಲನ್ನ ತಿನ್ನುತ್ತೆ.

ನಾಡಿದ್ದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತೀರಲ್ಲ, ಪುನಶ್ಚೇತನ ಎಲ್ಲಿ ಮಾಡಿಸ್ತಾರೆ ಅಂತ ಬಾಯಿಬಿಟ್ಟು ಕೇಳಿ. ನಡೆಯುವಾಗ ಬೆರಳಿಗೆ ಹಾಕೋ ಯಂತ್ರದಲ್ಲಿ ಆಮ್ಲಜನಕ ಎಷ್ಟಕ್ಕೆ ಇಳಿದರೆ ನಿಲ್ಲಿಸಬೇಕು ಅಂತ ಬರೆಸಿಕೊಂಡು ಬನ್ನಿ. ಅವರು ಒಪ್ಪಿದರೆ ಸಂಜೆ ನಾನೂ ಜೊತೆಗೆ ಬರ್ತೀನಿ, ದೊಡ್ಡಮ್ಮನನ್ನ ಇದೇ ರಸ್ತೆಯಲ್ಲಿ ಮೆಲ್ಲಗೆ ನಡೆಸೋಣ. ಬೇಕಾದರೆ ಅದಕ್ಕೆ ಎರಡು ಮೂರು ಗಂಟೆ ಮುಂಚೆ ಸಣ್ಣ ಲೋಟದಲ್ಲಿ ರಸ ಕೊಡಿ. ಆದರೆ ಪಂಪನ್ನ ಒಂದು ಹೊತ್ತೂ ತಪ್ಪಿಸಬೇಡಿ ಅಕ್ಕ, ಇವತ್ತು ಬೆಳಗಿನದ್ದು ಆಗಿಲ್ಲ ಅಂದರೆ ಈಗಲೇ ಹೋಗಿ ಕೊಡಿ.