ಸ್ಟಾಪ್ ಮಾಸ್ತರ

ನಮ್ಮ ಕಾಕಾ ಟಂಟಂ ಹತ್ತಿದರೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಜಾಗ ಇಲ್ಲವೆಂದಲ್ಲ, ಇದ್ದರೂ ಹಾಗೇ. ಪೂರ್ತಿ ಒಳಗೆ ಕೂತರೆ ಇಳಿಯುವಾಗ ಹೊತ್ತು ಹಾಳಾಗುತ್ತದೆ ಎಂಬುದು ಅವರ ವಾದ. "ಎಲ್ಲಿ ಇಳೀತೀರಿ ಕಾಕಾ?" ಎಂದರೆ, "ಯಾರ್ ಸಿಗ್ತಾರೋ ಅಲ್ಲಿ" ಅನ್ನುತ್ತಾರೆ. ಗಾಡಿ ಎಲ್ಲಿಗೆ ಹೊರಟಿದೆ ಎಂದು ಅವರು ಯಾವತ್ತೂ ವಿಚಾರಿಸಿದ್ದಿಲ್ಲ. ಗಾಡಿಯ ಮೋತಿ ಯಾವ ಕಡೆ ಇದೆಯೋ ಆ ಕಡೆ ಅವರಿಗೆ ಒಂದು ಕೆಲಸ ಇದ್ದೇ ಇರುತ್ತದೆ.

35 ವರ್ಷ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಆಳಂದ ತಾಲ್ಲೂಕಿನಲ್ಲಿ ಸುರುವಾಗಿ ಅಫಜಲಪುರಕ್ಕೆ ಹೋಗಿ, ಅಲ್ಲಿಂದ ಜೇವರ್ಗಿಗೆ ಜಿಗಿದು, ಕೊನೆಗೆ ಮತ್ತೆ ಆಳಂದಕ್ಕೇ ಬಂದು ಬಿದ್ದವರು. ಹೀಗೆ ಮೂರೂ ತಾಲ್ಲೂಕಿನ ನೀರು ಕುಡಿದಿದ್ದಾರೆ, ಮೂರೂ ತಾಲ್ಲೂಕಿನ ಕಿವಿ ಹಿಂಡಿದ್ದಾರೆ. ಇವತ್ತು ಆ ಕಿವಿಗಳೆಲ್ಲ ದೊಡ್ಡವಾಗಿ ಬಸ್ಸು ಓಡಿಸುತ್ತವೆ, ಟಿಕೆಟ್ ಹರಿಯುತ್ತವೆ, ಚಹಾದಂಗಡಿ ಇಟ್ಟಿವೆ, ಪಂಚಾಯ್ತಿಯಲ್ಲಿ ಕೂತಿವೆ. "ಏ ನಿಲ್ಲಸಪಾ" ಎಂದು ಕಾಕಾ ಸಣ್ಣ ದನಿಯಲ್ಲಿ ಅಂದರೂ ಸಾಕು, ಚಾಲಕನ ಕೈ ತಾನಾಗಿ ಕಿವಿಗೆ ಹೋಗಿ, ಕಾಲು ತಾನಾಗಿ ಬ್ರೇಕಿಗೆ ಬರುತ್ತದೆ. ಅದಕ್ಕೇ ಊರವರು ಅವರಿಗೆ ಸ್ಟಾಪ್ ಮಾಸ್ತರ ಎಂದು ಹೆಸರಿಟ್ಟಿರುವುದು. ಸ್ಟಾಪು ಇದ್ದಲ್ಲಿ ಅವರು ಇಳಿಯುವುದಲ್ಲ, ಅವರು ಇಳಿದಲ್ಲಿ ಸ್ಟಾಪು.

ಇಂಥವರು ನಮ್ಮ ಕಡೆ ಊರಿಗೊಬ್ಬರು ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ, ಹೆಗಲ ಚೀಲ ನೋಡಿದರೆ ಸಾಕು. ಅದರೊಳಗೆ ಅರಿಶಿಣ ಹಚ್ಚಿದ ಲಗ್ನಪತ್ರಿಕೆಯ ಕಟ್ಟು, ಯಾರದೋ ಪಹಣಿ, ಯಾರದೋ ಮಗಳ ಫೋಟೋ, ಚೀಟಿಯಲ್ಲಿ ಕಟ್ಟಿದ ಒಂದು ಹಿಡಿ ತೊಗರಿ, ಇನ್ನೊಬ್ಬರ ಮನೆಗೆ ಮುಟ್ಟಿಸಬೇಕಾದ ಶೇಂಗಾ ಹಿಂಡಿಯ ಡಬ್ಬಿ ಇರುತ್ತವೆ. ತಮ್ಮದು ಅಂತ ಇರುವುದು ಒಂದೇ, ಒಂದು ಛತ್ರಿ. ಅದನ್ನೂ ಎಲ್ಲೋ ಮರೆತು ಬರುತ್ತಾರೆ. ಅದನ್ನು ತರುವುದಕ್ಕೆ ಮರುದಿನ ಮತ್ತೆ ಗಾಡಿ ಹತ್ತಬಹುದಲ್ಲ.

ಹೋದ ವರ್ಷ ಅಕ್ಕನ ಮಗ ಅಮೆರಿಕಾದಿಂದ ಬಂದಿದ್ದ. ಅಟ್ಲಾಂಟಾದಲ್ಲಿ ನೌಕರಿ. ಅಲ್ಲಿಂದ ಸಮುದ್ರದ ಕಡೆಗೆ ಸವಾನಾ ಎಂಬ ಹಳೆಯ ಊರಿದೆಯಂತೆ, 1733ರಲ್ಲಿ ಕಟ್ಟಿದ್ದು. ಆ ಊರು ನೋಡುವುದಕ್ಕೆ ಕಿತ್ತಳೆ ಬಣ್ಣದ ಟ್ರಾಲಿಗಳಿವೆಯಂತೆ. ಒಂದು ಸಲ ಟಿಕೆಟ್ ತೆಗೆದರೆ ಬೇಕಾದಲ್ಲಿ ಇಳಿಯಬಹುದು, ನೋಡಬಹುದು, ಹಿಂದೆ ಬರುವ ಟ್ರಾಲಿ ಹತ್ತಬಹುದು. ಓಡಿಸುವವನೇ ದಾರಿಯುದ್ದಕ್ಕೂ ಊರಿನ ಕಥೆ ಹೇಳುತ್ತಾನೆ. ಹುಡುಗ ಮೊಬೈಲಿನಲ್ಲಿ ಫೋಟೋ ತೋರಿಸಿದ.

ಕಾಕಾ ಚಷ್ಮಾ ಏರಿಸಿ ನೋಡಿದರು. "ಟ್ರಾಲಿ ಅಂದ್ರ ಟ್ರ್ಯಾಕ್ಟರಿಗಿ ಕಟ್ತಾರಲ್ಲ, ಅದೇನು? ಅಲ್ಲೀನೂ ಲಗ್ನಕ್ಕ ಟ್ರಾಲಿಯೊಳಗ ಹೋಗ್ತಾರ?"

"ಅಲ್ಲ ಮುತ್ಯಾ, ಇದು ಬಸ್ಸಿನಂಗ."

"ಟ್ರ್ಯಾಕ್ಟರ್ ಎಲ್ಲದ?"

"ಟ್ರ್ಯಾಕ್ಟರ್ ಇರೂದಿಲ್ಲ. ಬೇಕಾದಲ್ಲಿ ಇಳಿಯೂದು, ಬೇಕಾದಲ್ಲಿ ಹತ್ತೂದು."

ಕಾಕಾ ಮೊಬೈಲು ತಿರುಗಿ ಕೊಟ್ಟರು. "ಇದಕ್ಕ ರೊಕ್ಕ ಕೊಟ್ಟು ಬಂದಿ? ಹುಟ್ಟಿದಾಗಿಂದ ನಾ ಮಾಡಿದ್ದು ಇದಽ ಕೆಲಸ. ನಾಳಿ ಮುಂಜಾನಿ ಏಳಕ್ಕ ತಯಾರ ಆಗು. ಮೂರೂ ತಾಲ್ಲೂಕ ಒಂದಽ ದಿನದಾಗ ತೋರಸ್ತೀನಿ. ರಾತ್ರಿ ಊಟಕ್ಕ ಜೇವರ್ಗಿ ಬೀಗರ ಮನಿ."

ಕಾಕಿಗೆ ಈ ಯೋಜನೆಯಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಆಕೆ ಟಂಟಂ ಮುಟ್ಟಿಲ್ಲ. ಆಧಾರ್ ಕಾರ್ಡು ಸೆರಗಿಗೆ ಗಂಟು ಹಾಕಿಕೊಂಡು ಸರ್ಕಾರಿ ಬಸ್ಸು ಹತ್ತುತ್ತಾಳೆ, ಶೂನ್ಯ ದರದ ಟಿಕೆಟ್ಟನ್ನು ಕುಂಕುಮದ ಭರಣಿಯಲ್ಲಿಟ್ಟುಕೊಳ್ಳುತ್ತಾಳೆ, ನಡುವೆ ಎಲ್ಲೂ ಇಳಿಯದೆ ಹೋಗಬೇಕಾದ ಊರಿಗೆ ಹೋಗುತ್ತಾಳೆ. ಒಂದೇ ಲಗ್ನಕ್ಕೆ ಗಂಡ ಹೆಂಡತಿ ಬೇರೆ ಬೇರೆ ಹೊರಟು, ಆಕೆ ಅಕ್ಷತೆ ಹಾಕಿ, ಉಂಡು, ಎಲೆ ಅಡಿಕೆ ಹಾಕಿಕೊಂಡು ಕೂತಾಗ ಈತ ಹಂದರದೊಳಗೆ ಕಾಲಿಡುವುದು ನಮ್ಮ ಮನೆಯಲ್ಲಿ ಹೊಸದಲ್ಲ. "ನಾ ಸೀದಾ ಜೇವರ್ಗಿಗಿ ಹೋಗಿ ಹೋಳಿಗಿ ಮಾಡ್ಸಿರ್ತೀನಿ. ನೀವು ಯಾವಾಗರೆ ಬರ್ರಿ, ನಾಳಿ ಅಲ್ಲ ನಾಡದು" ಎಂದಳು.

ಮುಂಜಾನೆ ಆಳಂದದ ಲಾಡ್ಲೆ ಮಶಾಕ ದರ್ಗಾದಿಂದ ದರ್ಶನ ಸುರುವಾಯಿತು. "ಲಾಡ್ಲೆ ಅಂದ್ರ ಮುದ್ದಿನಾವ. ಊರ ಮಂದಿ ಬಾಯಾಗ ಆ ಹೆಸರಽ ಉಳದದ" ಎಂದು ಎರಡೇ ವಾಕ್ಯದಲ್ಲಿ ಕಾಕಾ ಸಂತನ ಚರಿತ್ರೆ ಮುಗಿಸಿದರು. ಆಮೇಲೆ ಬಾಗಿಲ ಬದಿಯಲ್ಲಿ ಸಕ್ಕರೆ, ಊದಿನಕಡ್ಡಿ ಮಾರುವವನ ಚರಿತ್ರೆ ಮುಕ್ಕಾಲು ತಾಸು ನಡೆಯಿತು. ಅವನು 1992ರ ಐದನೇ ಇಯತ್ತೆ. ಅವನ ತಮ್ಮ ಆರನೇ ಇಯತ್ತೆಯಲ್ಲಿ ಎರಡು ಸಲ. ಅವನ ಮಗಳಿಗೆ ಗಂಡು ನೋಡುವುದಿತ್ತು. ಚೀಲದಿಂದ ಒಂದು ಫೋಟೋ ಹೊರಬಂತು, ಒಂದು ಫೋಟೋ ಒಳಹೋಯಿತು.

ಬಳಿಕ ಟಂಟಂ. ಸವಾನಾದ ಟ್ರಾಲಿ ಹೊತ್ತು ನೋಡಿ ಹೊರಡುತ್ತದೆ, ನಮ್ಮದು ಮಂದಿಯನ್ನು ಎಣಿಸಿ ಹೊರಡುತ್ತದೆ. ಎಷ್ಟು ಮಂದಿಯಾದರೆ ತುಂಬಿದಂತೆ ಎಂಬುದಕ್ಕೆ ಲೆಕ್ಕವಿಲ್ಲ, ಚಾಲಕನ ತೊಡೆಯ ಮೇಲೆ ಯಾರಾದರೂ ಕೂತರೆ ತುಂಬಿತು ಎಂದರ್ಥ. ಅಳಿಯ ನಡುವೆ ಸಿಕ್ಕು ಉಸಿರು ಬಿಗಿಹಿಡಿದಿದ್ದ. ಅವನ ಒಂದು ಮೊಣಕಾಲಿನ ಮೇಲೆ ಯಾರದೋ ಮೆಂತ್ಯೆಪಲ್ಲೆ, ಇನ್ನೊಂದರ ಮೇಲೆ ಯಾರದೋ ಕೂಸು.

ಆಳಂದದಿಂದ ಕಲಬುರಗಿಗೆ 40 ಕಿ.ಮೀ. ಆಸುಪಾಸು. ಕಡಗಂಚಿ ಮುಟ್ಟುವುದರೊಳಗೆ ನಾಲ್ಕು ಸಲ ಇಳಿದಿದ್ದೆವು. ಒಂದು ಲಗ್ನಪತ್ರಿಕೆಗೆ, ಒಂದು ಹಿಂಡಿ ಡಬ್ಬಿಗೆ, ಎರಡು ಸುಮ್ಮನೆ. ಕಡಗಂಚಿಯಲ್ಲಿ ನೋಡುವಂಥದ್ದಿದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲೇ ಬಯಲಿನಲ್ಲಿ ಎದ್ದು ನಿಂತಿದೆ. ಮರಾಠಿಯ 'ಗುರುಚರಿತ್ರೆ' ಬರೆದ ಸರಸ್ವತಿ ಗಂಗಾಧರ ಇದೇ ಊರಿನವರು ಎಂಬ ನಂಬಿಕೆಯೂ ಇದೆ. ಅಳಿಯ ಕ್ಯಾಮೆರಾ ತೆಗೆದ. ಕಾಕಾ ಅವನ ಹೆಗಲು ಹಿಡಿದು ರಸ್ತೆಯ ಇನ್ನೊಂದು ಬದಿಗೆ ತಿರುಗಿಸಿದರು. "ಅದನ್ನೇನ್ ನೋಡ್ತಿ? ಅದು ಎಲ್ಲಿ ಹೋಗ್ತದ? ಇಲ್ ನೋಡು, ಈ ಮಿರ್ಚಿ ಭಜಿಯವ ಹದಿನೇಳರ ಮಗ್ಗಿ ಒಂದಽ ಉಸುರಿನ್ಯಾಗ ಅಂತಿದ್ದ."

ಭಜಿಯವ ಕಾಯ್ದ ಎಣ್ಣೆಯ ಮುಂದೆ ನಿಂತು ಹದಿನೇಳರ ಮಗ್ಗಿ ಅಂದ. ಹದಿನೇಳು ಏಳಕ್ಕೆ ಸ್ವಲ್ಪ ತಡವರಿಸಿದ. ಕಾಕಾರ ಮುಖ ಸಣ್ಣದಾಯಿತು. ಪ್ರಾಯಶ್ಚಿತ್ತಕ್ಕೆಂದು ಎರಡು ಭಜಿ ಜಾಸ್ತಿ ಬಂದವು. ನಮ್ಮ ಟಂಟಂ ಇಷ್ಟು ಹೊತ್ತಿಗೆ ಕಲಬುರಗಿ ಮುಟ್ಟಿರಬೇಕು ಎಂದು ಹುಡುಗ ಪೇಚಾಡುತ್ತಿದ್ದರೆ, ಚಾಲಕ ಬಾಜೂಕೇ ನಿಂತು ಬಸಿಗೆ ಚಹಾ ಸುರುವಿಕೊಳ್ಳುತ್ತಿದ್ದ.

"ಸವಾನಾದಾಗ ಒಂದು ಗಾಡಿ ಹೋದ್ರ ಹಿಂದ ಇನ್ನೊಂದು ಬರ್ತದ, ಮಾಮಾ. ಇಲ್ಲಿ ಹೋದ ಗಾಡಿನಽ ಇಲ್ಲಲ್ಲ!" ಎಂದ ಹುಡುಗ.

ಕಲಬುರಗಿ ಮುಟ್ಟಿದಾಗ ಒಂದು ಗಂಟೆ. ಮೂರು ತಾಲ್ಲೂಕು ನೋಡುವವರಿಗೆ ಕಲಬುರಗಿಯ ಕೆಲಸವೇನು ಎಂದು ನೀವು ಕೇಳಬಹುದು. ಆಳಂದದಿಂದ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹತ್ತಿರದ ದಾರಿ ಇದೆ, ಆದರೆ ಹತ್ತಿರದ ದಾರಿಯಲ್ಲಿ ಮಂದಿ ಕಡಿಮೆ. ಅದಕ್ಕೆ ಈ ಸುತ್ತು. ಕೋಟೆಯ ಮುಂದೆ ಹಾಯುವಾಗ ಕಾಕಾ ಇತಿಹಾಸಕ್ಕೆ ಇಳಿದರು. ಅವರ ಇತಿಹಾಸವೆಂದರೆ ಶಾಲೆಯ ದಾಖಲಾತಿ ಪುಸ್ತಕ. "ಬಹಮನಿಯವ್ರದು 1347ರಾಗ ಅಡ್ಮಿಷನ್. ಚಂದ ಓದ್ಲಾಕತ್ತಿದ್ರು. ಮುಂದ ಏನ್ ತಲಿ ಕೆಡ್ತೋ, ಬೀದರಕ್ಕ ಟಿ.ಸಿ. ತಗೊಂಡು ಹೋದ್ರು." 1367ರ ಜಾಮಿ ಮಸೀದಿ ಮಾತ್ರ ಅವರ ಮೆಚ್ಚಿನದು. ಅದಕ್ಕೆ ತೆರೆದ ಅಂಗಳವಿಲ್ಲ, ಪೂರ್ತಿ ಮೇಲೆ ಛತ್ತಿದೆ. "ಶಾಲಿ ಕಟ್ಟಾವ್ರು ಇದನ್ನ ನೋಡಿ ಕಟ್ಟಬೇಕು. ಮಳಿಗಾಲದಾಗ ಪ್ರಾರ್ಥನಾ ತಪ್ಪೂದಿಲ್ಲ."

ಹುಡುಗ ಸನ್ನತಿಯ ಬಗ್ಗೆ ಓದಿಕೊಂಡು ಬಂದಿದ್ದ. ಭೀಮೆಯ ದಂಡೆಯ ಆ ಊರಿನಲ್ಲಿ 1986ರಲ್ಲಿ ಗುಡಿಯ ಛಾವಣಿ ಕುಸಿದು, ದೇವಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಗೊತ್ತಾದದ್ದನ್ನು ಬೆರಗಿನಿಂದ ಹೇಳಿದ. ಕಾಕಾ ಉಸಿರು ಬಿಟ್ಟರು. "ಅವರ ದೈವ ನೋಡು. ನನ್ನ ಶಾಲಿ ಛತ್ತು ಎರಡು ಸಲ ಬಿತ್ತು. ಏನೂ ಸಿಗಲಿಲ್ಲ."

ಅಫಜಲಪುರದ ರಸ್ತೆ ಹಿಡಿದು, ಚೌಡಾಪುರದಲ್ಲಿ ಹೊರಳಿ, ದೇವಲ ಗಾಣಗಾಪುರ ಮುಟ್ಟಿದಾಗ ಬಿಸಿಲು ಇಳಿದಿತ್ತು. ದಾರಿಯಲ್ಲಿ ಪುಣೆಯ ಕಡೆಯ ಒಂದು ಕುಟುಂಬ ನಮ್ಮ ಗಾಡಿ ಹತ್ತಿತು. 'ಗಾಣಗಾಪುರ ರೋಡ್' ಎಂಬ ರೈಲು ನಿಲ್ದಾಣದಲ್ಲಿ ಇಳಿದು, ಗುಡಿ ಎದುರಿಗೇ ಇರುತ್ತದೆ ಎಂದುಕೊಂಡವರು ಅವರು. ಅಲ್ಲಿಂದ ಊರು ಸುಮಾರು 20 ಕಿ.ಮೀ. ಕಾಕಾ ಅವರಿಗೆ ತಮ್ಮ ಮರಾಠಿಯಲ್ಲಿ ಸಮಾಧಾನ ಹೇಳಿದರು. ರೈಲ್ವೆಯವರು ಸುಳ್ಳು ಹೇಳಿಲ್ಲ, 'ರೋಡ್' ಎಂದು ಬರೆದಿದ್ದಾರೆ, ರೋಡು ಅಲ್ಲಿಂದ ಸುರು. ಇಪ್ಪತ್ತು ಕಿ.ಮೀ. ಮುಗಿಯುವುದರೊಳಗೆ ಆ ಕುಟುಂಬದ ಕೈಯಲ್ಲೂ ಒಂದು ಲಗ್ನಪತ್ರಿಕೆ ಇತ್ತು.

ದತ್ತನ ಗುಡಿಯಲ್ಲಿ ಸಣ್ಣ ಕಿಂಡಿಯಿಂದ ನಿರ್ಗುಣ ಪಾದುಕೆಯ ದರ್ಶನ. ಕಾಕಾ ಕೈಮುಗಿದು ಕಣ್ಣುಮುಚ್ಚಿ ನಿಂತದ್ದು ಆ ದಿನದ ಏಕೈಕ ಮೌನ. ಇಲ್ಲಿ ಐದು ಮನೆ ಬೇಡಿ ಉಣ್ಣುವ ಮಾಧುಕರಿಯ ಪದ್ಧತಿ ಇದೆ, ನರಸಿಂಹ ಸರಸ್ವತಿಗಳ ಕಾಲದಿಂದ ನಡೆದುಬಂದದ್ದು ಎನ್ನುತ್ತಾರೆ. ಹುಡುಗನಿಗೆ ಅದು ಬಹಳ ಹಿಡಿಸಿತು. "ಐದಽ ಮನಿ?" ಎಂದು ಕಾಕಾ ಬೆರಳು ಎಣಿಸಿದರು. "ನಮ್ಮದು ಮುಂಜಾನಿಂದ ಒಂಬತ್ತು ಕಡಿ ಚಹಾ ಆಗ್ಯದ."

ಸಂಗಮದಲ್ಲಿ ಮಾತ್ರ ಅವರು ಗೈಡಿನ ಹಾಗೆ ನಿಂತು ಕೈ ಚಾಚಿ ತೋರಿಸಿದರು. "ಆಕಿ ಅಮರ್ಜಾ, ಈಕಿ ಭೀಮಾ. ಅಮರ್ಜಾ ನಮ್ಮ ಆಳಂದದಾಕಿ. ಕೊರಳ್ಳಿ ಹತ್ರ ಡ್ಯಾಮ್ ಕಟ್ಟಿ ನಿಲ್ಲಸ್ಯಾರ, ಆದರೂ ಕೇಳ್ದೆ ಇಲ್ಲೀತನ ಬಂದಾಳ. ಇಲ್ಲಿ ಭೀಮಾನ್ನ ಹತ್ತಿ ಜೇವರ್ಗಿಗಿ ಹೋಗ್ತಾಳ. ನಮ್ಮ ಹೊಳಿಗಳೂ ನಡುವ ಇಳದು ಗಾಡಿ ಬದಲಿ ಮಾಡೂವುಽ."

ಹುಡುಗ ಅದನ್ನು ಮೊಬೈಲಿನಲ್ಲಿ ಬರೆದುಕೊಂಡ. ಇಡೀ ದಿನದಲ್ಲಿ ಅವನು ಬರೆದುಕೊಂಡದ್ದು ಅದೊಂದೇ.

ಮತ್ತೆ ಕಲಬುರಗಿ, ಅಲ್ಲಿಂದ ಜೇವರ್ಗಿ ಬಸ್ಸು. ಕಟ್ಟಿಸಂಗಾವಿಯ ಸೇತುವೆ ಬಂದಾಗ ಗವ್ ಎನ್ನುವ ಕತ್ತಲೆ. ಕಾಕಾ ಎದ್ದು ನಿಂತು, "ಏ, ಒಂದ್ ಮಿನಿಟ್ ನಿಲ್ಲಸಪಾ, ಪರದೇಶದಿಂದ ಹುಡುಗ ಬಂದದ, ಭೀಮಾನ್ನ ನೋಡ್ಬೇಕು" ಎಂದರು. ಬಸ್ಸು ಸೇತುವೆ ದಾಟಿ ಪಕ್ಕಕ್ಕೆ ನಿಂತೇಬಿಟ್ಟಿತು. ಪ್ರಯಾಣಿಕರು ಯಾರೂ ಗೊಣಗಲಿಲ್ಲ, ಅರ್ಧ ಮಂದಿ ಕಿವಿ ಹಿಂಡಿಸಿಕೊಂಡವರೇ. ಹೊಳೆ ಕಾಣಲಿಲ್ಲ. "ಸಪ್ಪಳ ಕೇಳು" ಎಂದರು ಕಾಕಾ. ಕೇಳಿದೆವು. "ಸಂಗಮದಾಗ ನೋಡಿದ್ದೆಲ್ಲ, ಅದಽ ನೀರು. ನಾವು ಮೊದ್ಲ ಬಂದೀವೋ ಅದು ಮೊದ್ಲ ಬಂತೋ, ದೇವರಿಗಿ ಗೊತ್ತು."

ಜೇವರ್ಗಿ ಬೀಗರ ಮನೆ ಮುಟ್ಟಿದಾಗ ಹತ್ತೂವರೆ. ಕಾಕಿ ಮಧ್ಯಾಹ್ನ ಹನ್ನೆರಡಕ್ಕೇ ಬಂದಿದ್ದಳು. ಹೋಳಿಗೆ ಆರಿತ್ತು, ಆಕೆ ಆರಿರಲಿಲ್ಲ. ಊಟದಲ್ಲಿ ಯಾರೋ ಈ ತಾಲ್ಲೂಕಿನ ನೆಲೋಗಿಯವರಾದ ಧರ್ಮಸಿಂಗ್ 2004ರಲ್ಲಿ ಮುಖ್ಯಮಂತ್ರಿಯಾದ ಮಾತು ತೆಗೆದರು. ಕಾಕಾ ತುಪ್ಪ ಹಾಕಿಕೊಳ್ಳುತ್ತ, "ಖರೇ, ದೊಡ್ಡ ಮನಷಾ. ನನ್ನ ಶಾಲಿಯೊಳಗ ಕಲೀಲಿಲ್ಲ, ಅದೊಂದಽ ಕೊರತಿ" ಎಂದರು. ಛತ್ರಿ ಚೌಡಾಪುರದಲ್ಲಿ ಉಳಿದದ್ದು ಆಗ ನೆನಪಾಯಿತು. ಅವರ ಮುಖದಲ್ಲಿ ದುಃಖವೇನೂ ಕಾಣಲಿಲ್ಲ.

ಈ ವರ್ಷ ಕಣ್ಣು ತೋರಿಸಲೆಂದು ಕಾಕಾ ಬೆಂಗಳೂರಿಗೆ ಹೋಗಿದ್ದರು. ಮಗ ನೌಕರಿಗೆ ಹೋಗುವವನು, ಅಪ್ಪನಿಗೆ ಬೇಸರವಾಗಬಾರದೆಂದು ಮೆಜೆಸ್ಟಿಕ್‌ನಲ್ಲಿ ಬಿಎಂಟಿಸಿಯ 'ಬೆಂಗಳೂರು ದರ್ಶಿನಿ' ಬಸ್ಸಿಗೆ ಹತ್ತಿಸಿ ಹೋದ. ಹೇಳಿ ಕೇಳಿ ಇಳಿಯಲೆಂದೇ ಇರುವ ಬಸ್ಸು, ನೋಡುವ ಜಾಗ ಬಂದಾಗಲೆಲ್ಲ ತಾನೇ ನಿಲ್ಲುತ್ತದೆ, ಯಾರ ಕಿವಿಯನ್ನೂ ಹಿಂಡಬೇಕಾಗಿಲ್ಲ. ಇನ್ನು ಇವರನ್ನು ಹಿಡಿಯುವವರು ಯಾರು ಎಂದು ನಾವೆಲ್ಲ ಇಲ್ಲಿ ನಕ್ಕಿದ್ದೆವು.

ಸಂಜೆ ನಾನೇ ಫೋನು ಹಚ್ಚಿದೆ. ಇಸ್ಕಾನ್ ಗುಡಿ ಬಂದರೂ ಇಳಿದಿಲ್ಲ. ಟಿಪ್ಪುವಿನ ಅರಮನೆ ಬಂದರೂ ಇಳಿದಿಲ್ಲ. ವಿಧಾನಸೌಧದ ಮುಂದೆ ಮಂದಿಯೆಲ್ಲ ಇಳಿದು ಫೋಟೋ ತೆಗೆಸಿಕೊಳ್ಳುವಾಗ ಇವರೊಬ್ಬರೇ ಬಸ್ಸಿನಲ್ಲಿ, ಎರಡೂ ಕಾಲು ಒಳಗೆ.

"ಯಾಕ ಕಾಕಾ, ಮೈಯಾಗ ಆರಾಮ ಇರಲಿಲ್ಲೇನು?"

"ಆರಾಮ ಇದ್ದೆ. ಇಳದ್ರ ಅಲ್ಲಿ ಯಾರದಾರಪಾ, ಯಾವಾಗ ಬಂದ್ರಿ ಅನ್ನಾಕ?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಸುರುಮಾಡಿದರು. ಹಲಸೂರು ಕೆರೆಯ ಹತ್ತಿರ ನಿರ್ವಾಹಕ ಬಂದು, "ಅಜ್ಜಾರ, ನೀವ್ಯಾಕ ಇಳೀವಲ್ರಿ?" ಎಂದು ಕೇಳಿದನಂತೆ. ಮಾತು ಕೇಳುತ್ತಲೇ ಕಾಕಾ ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ನಮ್ಮ ಜೇವರ್ಗಿ ಕಡೆಯ ಯಡ್ರಾಮಿಯ ಹುಡುಗ. ನಾಲ್ಕನೇ ಇಯತ್ತೆ, ಹಿಂದಿನ ಸಾಲು, ಕಿಟಕಿ ಬದಿ. ಕೆರೆ ನೋಡಲು ಹೋದವರೆಲ್ಲ ತಿರುಗಿ ಬಂದು ಬಸ್ಸಿನಲ್ಲಿ ಕೂತರೂ ಬಸ್ಸು ಬಿಡಲಿಲ್ಲವಂತೆ. ನಿರ್ವಾಹಕ ಮತ್ತು ಕಾಕಾ ಇಬ್ಬರೂ ಚಹಾದಂಗಡಿಯಲ್ಲಿದ್ದರು.

"ಅಂದ್ರ ಬೆಂಗಳೂರು ಏನೂ ನೋಡ್ಲೇ ಇಲ್ಲ?"

"ಯಾಕ, ನೋಡಿದ್ನೆಲ್ಲ, ಆ ಯಡ್ರಾಮಿ ಹುಡುಗನ್ನ. ಛಲೋ ಅದಾನ. ಹದಿನೇಳು ಏಳು ಬರಾಬರ್ ಅಂದ."