ಕೀವರ್ಡ್ ಸಾಹುಕಾರರು

ಹುಬ್ಬಳ್ಳಿಯಂಥ ಊರಲ್ಲಿ ಸೀರೆ ಅಂಗಡಿ ಇಟ್ಟು, ಅಣ್ಣನ ಮಗ ಹೇಳಿದನೆಂದು ವೆಬ್‌ಸೈಟನ್ನೂ ತೆರೆದ ಸಾಹುಕಾರರನ್ನು ನೀವು ಕಂಡಿರುತ್ತೀರಿ. ಗಲ್ಲಾಪೆಟ್ಟಿಗೆಯ ಪಕ್ಕ ಲ್ಯಾಪ್‌ಟಾಪ್, ಅದಕ್ಕೂ ದಿನಾ ಊದಿನಕಡ್ಡಿ. ಗೂಗಲ್ ಜಾಹೀರಾತೆಂದರೆ ಇವರಿಗೆ ಗೋಡೆಬರಹವಿದ್ದ ಹಾಗೆ: ಜಾಗ ಸಿಕ್ಕಷ್ಟೂ ಬರೆಸಬೇಕು, ಓದುವವರು ಯಾರಾದರೇನು!

ಯಾವ ಪದ ಹುಡುಕಿದವರಿಗೆ ಜಾಹೀರಾತು ಕಾಣಬೇಕೆಂದು ಕೀವರ್ಡ್ ಆರಿಸಲು ಕೂತರೆ ಸಾಹುಕಾರರ ಬಾಯಿಂದ ಹೊರಡುವ ಮೊದಲ ಪದ ‘ಸೀರೆ’. ಎರಡನೆಯದು ‘ಮದುವೆ’.

“ಕಾಕಾ, ಅಂಥಾ ಪದಕ್ಕ ದೊಡ್ಡ ದೊಡ್ಡ ಕಂಪನಿಯವ್ರು ರೊಕ್ಕಾ ಸುರೀತಾರ. ನಾವು ‘ಕೈಮಗ್ಗದ ಇಳಕಲ್ ಸೀರೆ, ಚಿಕ್ಕಿ ದಡಿ’ ಅಂತ ಹಾಕೂಣು. ಹುಡುಕೋರು ಕಡಿಮಿ, ಆದ್ರ ತಗೊಳ್ಳೋರು ಅವ್ರ.”

“ಕಡಿಮಿ ಯಾಕ ಬೇಕೋ ತಮ್ಮಾ? ಮದುವಿ ಅಂತ ಹಾಕು, ಊರಿಗೆ ಊರ ಬರತೈತಿ.”

ಬಂದೇಬಿಡುತ್ತದೆ. ನಾವಾಗಿ ಬದಲಿಸದಿದ್ದರೆ ಗೂಗಲ್ ಪ್ರತಿ ಪದವನ್ನೂ ‘ಬ್ರಾಡ್ ಮ್ಯಾಚ್’ ಎಂದೇ ಹಿಡಿದು, ಅದಕ್ಕೆ ನೆಂಟಸ್ತಿಕೆ ಇದೆ ಎನಿಸಿದ ಹುಡುಕಾಟಕ್ಕೆಲ್ಲ ಜಾಹೀರಾತು ತೋರಿಸುತ್ತದೆ. ವಾರದ ಕೊನೆಗೆ ವರದಿ ತೆರೆದರೆ ಏನೇನಿಲ್ಲ! ‘ಸೀರೆ ಉಡುವುದು ಹೇಗೆ’, ‘ಸೀರೆಯ ಎಣ್ಣೆ ಕಲೆ’, ‘ಎರಡನೇ ಮದುವೆ ಕಾನೂನು’. ಒತ್ತಿದವರೆಲ್ಲರ ಲೆಕ್ಕ ಸಾಹುಕಾರರ ಖಾತೆಗೇ. ಅವರೇನೂ ಅಲ್ಲಾಡುವುದಿಲ್ಲ. “ಎರಡನೇ ಮದುವಿಗೂ ಸೀರಿ ಬೇಕಲ್ಲೋ?”

ತಮಾಷೆಯೆಂದರೆ, ಬೇಕಾದ ಪದಗಳೆಲ್ಲ ಅವರ ನಾಲಿಗೆಯ ಮೇಲೆಯೇ ಇವೆ. ಅಂಗಡಿಗೆ ಬಂದ ಹೆಂಗಸರ ಮುಂದೆ ಸೀರೆ ಬಿಚ್ಚಿ ಹರವಿದರೆಂದರೆ, ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕುಣಿಕೆ ಕುಣಿಕೆಯಾಗಿ ಹೇಗೆ ಜೋಡಿಸುತ್ತಾರೆ, ಅದಕ್ಕೇಕೆ ಟೋಪ್ ತೆನಿ ಸೆರಗು ಎನ್ನುತ್ತಾರೆ, ಗೋಮಿ ದಡಿ ಯಾವುದು, ಕಸೂತಿಯಲ್ಲಿ ಗೋಪುರವೆಲ್ಲಿ ತೇರೆಲ್ಲಿ ಎಂದು ಚಹ ಆರುವ ತನಕ ಹೇಳುತ್ತಾರೆ. ಅಣ್ಣನ ಮಗ ಮೂಲೆಯಲ್ಲಿ ಕೂತು ಗುರುತು ಹಾಕಿಕೊಂಡು ಅವನ್ನೇ ಕೀವರ್ಡ್ ಮಾಡಿದರೆ ಮಾತ್ರ ಸಿಟ್ಟು: “ಅದು ನಮ್ಮ ಮಾತಾತು. ಕಂಪ್ಯೂಟರಿಗೆ ದೊಡ್ಡ ಮಾತು ಹಾಕು.”

ಪದಗಳಿಗೆ ಲಿಲಾವು ನಡೆಯುತ್ತದೆ ಎಂದು ತಿಳಿದ ದಿನ ಅವರ ಮೀಸೆ ಕುಣಿದಿತ್ತು. 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಈ ಹರಾಜು ಹೂಡಿತು. ಗೂಗಲ್‌ನ ಜಾಹೀರಾತು ಸೇವೆ ಆಡ್‌ವರ್ಡ್ಸ್ ಬಂದದ್ದು 2000ದಲ್ಲಿ. ಲಿಲಾವೆಂದರೆ ಸಾಹುಕಾರರಿಗೆ ಗೊತ್ತು, ಹೆಚ್ಚು ಕೂಗಿದವನಿಗೆ ಮಾಲು. ಇಲ್ಲಿ ಹಾಗಲ್ಲ, ಜಾಹೀರಾತು ಹುಡುಕಿದ್ದಕ್ಕೆ ಹೊಂದುತ್ತದೆಯೋ, ಒತ್ತಿ ಬಂದವನಿಗೆ ಪುಟದಲ್ಲಿ ಬೇಕಾದ್ದು ಸಿಗುತ್ತದೆಯೋ ಎಂದೂ ನೋಡುತ್ತಾರೆ. ಕಡಿಮೆ ಕೂಗಿದವನು ಮೇಲೆ ಕೂರಬಹುದು. “ಇದು ಲಿಲಾವಲ್ಲ, ವರಪರೀಕ್ಷಾ” ಎಂದರು.

ಬಜೆಟ್ಟಿನದು ಬೇರೆಯೇ ಜಗಳ. ದಿನಕ್ಕೆ 300 ರೂಪಾಯಿ ಎಂದಿಟ್ಟರೆ ಯಾವುದೋ ದಿನ 600ರ ತನಕ ಹೋಗಬಹುದು. ತಿಂಗಳಿಗೆ ಮಾತ್ರ 30.4 ದಿನದ ಲೆಕ್ಕ ಮೀರುವುದಿಲ್ಲ. ಸಾಹುಕಾರರು 600ನ್ನು ಹೇಗೋ ನುಂಗಿಕೊಂಡರು. ಆ ಪಾಯಿಂಟ್ ನಾಲ್ಕು ದಿನ ಯಾವ ಪಂಚಾಂಗದಲ್ಲಿದೆ ಎಂದು ಈಗಲೂ ಕೇಳುತ್ತಾರೆ.

ಇಷ್ಟರ ಮೇಲೆ ತಾಸಿಗೊಮ್ಮೆ ತಮ್ಮ ಅಂಗಡಿಯ ಜಾಹೀರಾತನ್ನು ತಾವೇ ಹುಡುಕಿ, ಕಂಡರೆ ಒತ್ತಿ, ಬೀಗರಿಗೂ ಒತ್ತಲು ಹೇಳುವ ಚಟ.

ಬೇಡದ ಹುಡುಕಾಟಗಳನ್ನು ತಡೆಯಲು ನೆಗೆಟಿವ್ ಕೀವರ್ಡ್ ಹಾಕೋಣವೆಂದರೆ, ಅಂಗಡಿಯೊಳಗೆ ನೆಗೆಟಿವ್ ಎನ್ನಬಾರದೆಂದು ಕೆಲ ದಿನ ತಡೆದರು. ‘ಫ್ರೀ’, ‘ಬಾಡಿಗೆ’ ಎಂದು ಹುಡುಕುವವರು ಬರುವುದಿಲ್ಲ ಎಂದ ಮೇಲೆ ಒಪ್ಪಿ, ಮೊದಲ ಪದ ತಾವೇ ಕೊಟ್ಟರು: “ಉದ್ರಿ.”

“ಕಾಕಾ, ಗೂಗಲ್‌ನ್ಯಾಗ ಉದ್ರಿ ಅಂತ ಯಾರೂ ಹುಡುಕಂಗಿಲ್ಲ.”

“ಹುಡುಕಾಕ ಶುರು ಮಾಡೂದರಾಗ ಹಾಕಿಬಿಡು. ಹಂಗ ನಿಮ್ಮ ಸೋದರಮಾವನ ಹೆಸರೂ ಹಾಕು.”